ಲಾವಂಚ: ಹೊಲದ ಮಣ್ಣನ್ನೂ ಎಲ್ಲೆಯನ್ನೂ ಕಾಯುವ ಹುಲ್ಲು

(ಗ್ರಾಮದ ಜಮೀನುದಾರರ ಮತ್ತು ಮುಖಂಡರ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸ)



ಮುಂಗಾರಿನ ದೊಡ್ಡ ಮಳೆಯೊಂದು ಹೊಡೆದ ಮರುದಿನ ಬೆಳಗ್ಗೆ ರೈತನು ಹೊಲಕ್ಕೆ ಹೋಗಿ ಮೊದಲು ನೋಡುವುದು ಭೂಮಿಯ ಹದವನ್ನು. ಹದ ಬಂದಿದ್ದರೆ ಸಂತೋಷಪಟ್ಟು ನೇಗಿಲು ಹೂಡುವ ಯೋಚನೆಯಲ್ಲಿ ಮನೆಗೆ ಹಿಂತಿರುಗುತ್ತಾನೆ. ಆದರೆ ಆ ದಿವಸ ಅವನು ನೋಡಬೇಕಾದ ಸಂಗತಿ ಇನ್ನೊಂದುಂಟು. ಊರ ಮುಂದಿನ ಹಳ್ಳದಲ್ಲಿ ಕೆಂಪಗೆ ಹರಿಯುತ್ತಿರುವ ನೀರಿಗೆ ಆ ಬಣ್ಣವನ್ನು ಕೊಟ್ಟವರು ಯಾರು? ಮೇಲಿನ ಹೊಲಗಳೇ ಕೊಟ್ಟವು. ಗೊಬ್ಬರ ಹಾಕಿ, ಕುಂಟೆ ಹೊಡೆದು, ತಲೆಮಾರುಗಳಿಂದ ಸಾಕಿದ ಮೇಲ್ಮಣ್ಣು ಆ ನೀರಿನೊಡನೆ ಕೆರೆಗೆ ಹೋಗಿ ಹೂಳಾಗಿ ಕುಳಿತುಕೊಳ್ಳುತ್ತದೆ. ಹೊಲವೂ ಬಡವಾಗುತ್ತದೆ, ಕೆರೆಯೂ ಕಿರಿದಾಗುತ್ತದೆ.

ಈ ನಷ್ಟವನ್ನು ಲೆಕ್ಕ ಹಾಕಿ ನೋಡುವವರು ವಿರಳ. ಒಂದು ಎಕರೆ ಎಂದರೆ 43,560 ಚದರ ಅಡಿ. ಅದರ ಮೇಲಿನಿಂದ ಒಂದೇ ಒಂದು ಅಂಗುಲ ಮಣ್ಣು ಹೋಯಿತೆಂದರೆ 3,630 ಘನ ಅಡಿ ಮಣ್ಣು ಹೋದಂತಾಯಿತು. ಅದರ ತೂಕ ಸುಮಾರು 140ರಿಂದ 150 ಟನ್ನು. ಎತ್ತಿನ ಗಾಡಿಗೆ ಅರ್ಧ ಟನ್ನಿನಂತೆ ತುಂಬಿದರೆ ಹೆಚ್ಚು ಕಡಿಮೆ 300 ಗಾಡಿ ಮಣ್ಣು. ರಾತ್ರಿ ಕಳ್ಳರು ಬಂದು ಹೊಲದಿಂದ ಒಂದು ಗಾಡಿ ಮಣ್ಣು ಹೇರಿಕೊಂಡು ಹೋದರೆ ಊರೆಲ್ಲ ಎದ್ದು ಪಂಚಾಯಿತಿ ಸೇರುತ್ತದೆ. ಮಳೆಯ ನೀರು 300 ಗಾಡಿ ಹೊತ್ತುಕೊಂಡು ಹೋದರೆ ಕೇಳುವವರೇ ಇಲ್ಲ. ಅದು ಒಂದೇ ದಿನ ಹೋಗುವುದಿಲ್ಲವಾದ ಕಾರಣ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ಇದನ್ನು ತಡೆಯಲು ಬಹು ಖರ್ಚಿನ ಕಟ್ಟಡಗಳೇ ಬೇಕೆಂದಿಲ್ಲ. ನಮ್ಮ ನಾಡಿನ ಕೆರೆಯಂಚಿನಲ್ಲಿ, ತೊರೆಯ ದಡದಲ್ಲಿ ತಾನಾಗಿ ಬೆಳೆಯುವ ಲಾವಂಚದ ಹುಲ್ಲು ಈ ಕೆಲಸವನ್ನು ಮಾಡಬಲ್ಲದು. ಅದರ ಗುಣ, ಅದನ್ನು ನೆಡುವ ಕ್ರಮ, ಅದರ ಉಪಯೋಗಗಳು ಮತ್ತು ಅದರ ವಿಷಯದಲ್ಲಿ ವಹಿಸಬೇಕಾದ ಒಂದು ಮುಖ್ಯವಾದ ಎಚ್ಚರಿಕೆ, ಇವಿಷ್ಟೂ ಈ ಉಪನ್ಯಾಸದ ವಿಷಯ.

1. ಹುಲ್ಲಿನ ಪರಿಚಯ

ಲಾವಂಚವನ್ನು ಅರಿಯದವರಿಲ್ಲ. ಕೆಲವು ಕಡೆ ಇದಕ್ಕೆ ಲಾಮಂಚವೆಂದೂ ಹೇಳುವುದುಂಟು. ಸಂಸ್ಕೃತದಲ್ಲಿ ಉಶೀರ, ಹಿಂದಿಯಲ್ಲಿ ಖಸ್, ತಮಿಳಿನಲ್ಲಿ ವೆಟ್ಟಿವೇರ್. ತಮಿಳಿನ ಈ ಹೆಸರೇ ಸ್ವಲ್ಪ ಮಾರ್ಪಟ್ಟು ಹೊರದೇಶಗಳಲ್ಲೆಲ್ಲ ಬಳಕೆಯಲ್ಲಿದೆ. ಸಸ್ಯಶಾಸ್ತ್ರಜ್ಞರು ಇದನ್ನು ಕ್ರೈಸೋಪೋಗನ್ ಜಿಜಾನಿಯಾಯ್ಡಿಸ್ ಎಂದು ಕರೆಯುತ್ತಾರೆ.

ಇದು ಬುಡದಿಂದ ಗುಂಪಾಗಿ ತೆಂಡೆಯೊಡೆದು ಬೆಳೆಯುವ ಬಹುವಾರ್ಷಿಕ ಹುಲ್ಲು. ಆಳುದ್ದಕ್ಕೆ ಎದ್ದು ನಿಲ್ಲುತ್ತದೆ. ಎಲೆಗಳು ಕಿರಿದಾಗಿ, ನೀಳವಾಗಿ, ಬಿರುಸಾಗಿರುತ್ತವೆ. ಗರಿಕೆಯಂತೆ ನೆಲದ ಮೇಲೆ ಹಬ್ಬುವುದಿಲ್ಲ. ಜೊಂಡಿನಂತೆ ನೆಲದೊಳಗೆ ಹರಿದು ಬೇರೆ ಕಡೆ ತಲೆಯೆತ್ತುವುದೂ ಇಲ್ಲ. ನೆಟ್ಟ ಸ್ಥಳದಲ್ಲಿಯೇ ಬುಡ ದಪ್ಪವಾಗುತ್ತ ನಿಲ್ಲುವುದು ಇದರ ಸ್ವಭಾವ.

ಇದರ ಬೇರುಗಳು ಅಕ್ಕಪಕ್ಕಕ್ಕೆ ಹೆಚ್ಚು ಚಾಚದೆ ನೇರವಾಗಿ ಕೆಳಕ್ಕೆ ಇಳಿಯುತ್ತವೆ. ಭೂಮಿ ಸಡಿಲವಾಗಿದ್ದಲ್ಲಿ ಹತ್ತು ಅಡಿಯ ಆಳಕ್ಕೂ ಹೋಗುವುದುಂಟು. ಕೂದಲಿನಂತೆ ದಟ್ಟವಾಗಿ ಹೆಣೆದುಕೊಂಡಿರುವ ಈ ಬೇರಿನ ಬಲದಿಂದ ಹುಲ್ಲು ಬರಗಾಲದಲ್ಲಿ ಒಣಗಿ ಸಾಯುವುದಿಲ್ಲ. ನೀರು ನಿಂತಲ್ಲಿ ಕೊಳೆಯುವುದೂ ಅಪರೂಪ. ಬೆಂಕಿ ಬಿದ್ದು ಮೇಲಿನ ಗರಿಯೆಲ್ಲ ಸುಟ್ಟುಹೋದರೂ ನೆಲದ ಮಟ್ಟಕ್ಕಿಂತ ಕೆಳಗಿರುವ ಬುಡದಿಂದ ಮಳೆ ಬೀಳುತ್ತಲೇ ಚಿಗುರುತ್ತದೆ. ಕೆಮ್ಮಣ್ಣು, ಕಪ್ಪುಮಣ್ಣು, ಜಲ್ಲಿಮಣ್ಣು, ಸ್ವಲ್ಪ ಚೌಳಾದ ಭೂಮಿ, ಎಲ್ಲವೂ ಇದಕ್ಕೆ ಒಗ್ಗುತ್ತವೆ. ಒಗ್ಗದ್ದು ದಟ್ಟವಾದ ನೆರಳು ಮಾತ್ರ.

ಲಾವಂಚದಲ್ಲಿ ಎರಡು ಬಗೆಗಳುಂಟು. ಉತ್ತರ ಹಿಂದೂಸ್ಥಾನದ ಕಾಡುಬಗೆಯು ಹೂಬಿಟ್ಟು ಬೀಜ ಕಟ್ಟಿ ಹರಡುತ್ತದೆ. ದಕ್ಷಿಣದಲ್ಲಿ ಹಿಂದಿನಿಂದ ಸಾಗುವಳಿಯಲ್ಲಿರುವ ಬಗೆಯು ಹೂಬಿಟ್ಟರೂ ಮೊಳೆಯುವ ಬೀಜವನ್ನು ಕಟ್ಟುವುದಿಲ್ಲ. ಬುಡವನ್ನು ಸೀಳಿ ನೆಟ್ಟರೆ ಮಾತ್ರ ವೃದ್ಧಿಯಾಗುತ್ತದೆ. ಹೊಲಕ್ಕೆ ತರತಕ್ಕದ್ದು ಈ ಎರಡನೆಯ ಬಗೆಯನ್ನೇ. ಇದು ಕಳೆಯಾಗಿ ಹೊಲದ ತುಂಬ ಹಬ್ಬೀತೆಂಬ ಭಯಕ್ಕೆ ಕಾರಣವಿಲ್ಲ.

2. ಮಣ್ಣನ್ನು ಹಿಡಿಯುವ ಬಗೆ

ಮಣ್ಣಿನ ಬದು ನೀರನ್ನು ಅಡ್ಡಗಟ್ಟಿ ನಿಲ್ಲಿಸುತ್ತದೆ. ನಿಂತ ನೀರು ಏರುತ್ತ ಏರುತ್ತ ಬದುವಿನ ಬಲಹೀನವಾದ ಸ್ಥಳವನ್ನು ಹುಡುಕುತ್ತದೆ. ಇಲಿಯ ಬಿಲವೋ, ದನ ತುಳಿದ ಜಾಗವೋ ಸಿಕ್ಕಿದರೆ ಅಲ್ಲಿ ಒಡೆದು ಒಮ್ಮೆಲೇ ನುಗ್ಗುತ್ತದೆ. ಹಾಗೆ ನುಗ್ಗಿದ ನೀರು ಕೆಳಗಿನ ಹೊಲದಲ್ಲಿ ಕೊರಕಲು ಬೀಳಿಸುತ್ತದೆ. ಬದುವನ್ನು ಪ್ರತಿವರ್ಷವೂ ರಿಪೇರಿ ಮಾಡದಿದ್ದರೆ ಅದು ಇದ್ದೂ ಇಲ್ಲದಂತೆಯೇ.

ಲಾವಂಚದ ಸಾಲಿನ ರೀತಿ ಬೇರೆ. ಅದು ನೀರನ್ನು ಕಟ್ಟಿ ನಿಲ್ಲಿಸದೆ ಸೋಸಿ ಬಿಡುತ್ತದೆ. ಓಡಿ ಬಂದ ನೀರು ದಟ್ಟವಾದ ಬುಡಗಳಿಗೆ ತಾಗಿ ವೇಗ ಕಳೆದುಕೊಂಡು ಸಾಲಿನುದ್ದಕ್ಕೂ ಹರಡುತ್ತದೆ. ವೇಗ ತಗ್ಗಿದೊಡನೆ ಹೊತ್ತು ತಂದ ಗೋಡು ಸಾಲಿನ ಮೇಲ್ಗಡೆ ಇಳಿಯುತ್ತದೆ. ನೀರು ಒಂದೆಡೆ ನುಗ್ಗದೆ ಎಲ್ಲ ಕಡೆಯಿಂದಲೂ ಮೆಲ್ಲಗೆ ದಾಟುತ್ತದೆ. ಅದರ ಒಂದು ಪಾಲು ಭೂಮಿಯೊಳಕ್ಕೆ ಇಂಗಿ ಬೆಳೆಗೆ ದಕ್ಕುತ್ತದೆ. ಗೋಡು ಬಂದು ಬುಡ ಮುಚ್ಚಿದರೆ ಹುಲ್ಲು ಉಸಿರುಕಟ್ಟಿ ಸಾಯುವುದಿಲ್ಲ. ಮುಚ್ಚಿದ ಗೆಣ್ಣುಗಳಲ್ಲಿ ಹೊಸ ಬೇರು ಬಿಟ್ಟು ಅಷ್ಟೇ ಮೇಲಕ್ಕೆ ಏರುತ್ತದೆ. ಹೀಗೆ ಕೆಲವು ವರ್ಷಗಳಲ್ಲಿ ಸಾಲಿನ ಹಿಂದೆ ಮಣ್ಣು ತುಂಬಿ, ಇಳಿಜಾರಿನ ಹೊಲವು ತಾನಾಗಿಯೇ ಮೆಟ್ಟಿಲು ಮೆಟ್ಟಿಲಾಗಿ ಮಟ್ಟವಾಗುತ್ತ ಬರುತ್ತದೆ. ಕೂಲಿ ಕೊಟ್ಟು ಮಾಡಿಸಬೇಕಾದ ಕೆಲಸವನ್ನು ನೀರಿನಿಂದಲೇ ಮಾಡಿಸಿಕೊಂಡಂತಾಯಿತು.

3. ನಮ್ಮ ನಾಡಿನ ದೃಷ್ಟಾಂತ

ಇದು ಹೊರಗಿನಿಂದ ಕಲಿತುಬಂದ ವಿದ್ಯೆಯೆಂದು ಯಾರೂ ತಿಳಿಯಬೇಕಾಗಿಲ್ಲ. ಮೈಸೂರಿಗೆ ದಕ್ಷಿಣಕ್ಕಿರುವ ಗುಂಡ್ಲುಪೇಟೆಯ ಸುತ್ತಮುತ್ತಲಿನ ರೈತರು ನೂರು ವರ್ಷಕ್ಕೂ ಮೇಲ್ಪಟ್ಟು ಹೊಲದ ಎಲ್ಲೆಗಳ ಮೇಲೆ ಲಾವಂಚವನ್ನು ಬೆಳೆಸಿಕೊಂಡು ಬಂದರು. ಉಳುವಾಗ ಸಾಲಿನ ಅಂಚಿಗೆ ನೇಗಿಲನ್ನು ತಾಗಿಸಿ ಹೋಗಿ ಅದು ಅಗಲವಾಗದಂತೆ ನೋಡಿಕೊಂಡರು.

ಫಿಜಿ ದ್ವೀಪದಲ್ಲಿ 1950ರ ದಶಕದಲ್ಲಿ ಕಬ್ಬಿನ ತೋಟಗಳ ಇಳಿಜಾರಿನಲ್ಲಿ ಈ ಹುಲ್ಲನ್ನು ನೆಡಿಸಿ ಮಣ್ಣನ್ನು ಉಳಿಸಿದ್ದ ಜಾನ್ ಗ್ರೀನ್‌ಫೀಲ್ಡ್ ಎಂಬ ವ್ಯವಸಾಯ ತಜ್ಞರು, 1980ರ ದಶಕದ ನಡುವಿನಲ್ಲಿ ರಿಚರ್ಡ್ ಗ್ರಿಮ್‌ಷಾ ಎಂಬವರೊಡನೆ ವಿಶ್ವ ಬ್ಯಾಂಕಿನ ಪರವಾಗಿ ಭಾರತದಲ್ಲಿ ಮಣ್ಣು ಸಂರಕ್ಷಣೆಯ ಕೆಲಸಕ್ಕೆ ತೊಡಗಿದರು. ಹೊಸದಾಗಿ ಬೋಧಿಸಬೇಕೆಂದಿದ್ದ ಪದ್ಧತಿಯು ಗುಂಡ್ಲುಪೇಟೆಯ ಕಡೆ ಮೊದಲೇ ರೂಢಿಯಲ್ಲಿದ್ದುದು ಆಗ ಕಂಡುಬಂದಿತು. 1993ರಲ್ಲಿ ಅಮೆರಿಕ ದೇಶದ ರಾಷ್ಟ್ರೀಯ ಸಂಶೋಧನಾ ಮಂಡಲಿಯು ಈ ಹುಲ್ಲನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿತು. ಥಾಯ್ಲೆಂಡಿನಲ್ಲಿ ಅಲ್ಲಿಯ ದೊರೆ ಭೂಮಿಬಲ ಅದುಲ್ಯದೇಜರು ಸ್ವತಃ ಆಸಕ್ತಿ ವಹಿಸಿ ಪ್ರಚಾರ ಮಾಡಿಸಿದರು. 1996ರಲ್ಲಿ ಆ ದೇಶದಲ್ಲಿಯೇ ಲಾವಂಚದ ವಿಷಯವಾಗಿ ಮೊದಲನೆಯ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಮನೆಯ ಹಿತ್ತಿಲ ಗಿಡ ಮದ್ದಲ್ಲವೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ.

4. ನೆಡುವ ಕ್ರಮ

(ಅ) ಮಟ್ಟ ಗುರುತಿಸುವುದು: ಮಣ್ಣನ್ನು ಹಿಡಿಯುವ ಸಾಲು ಇಳಿಜಾರಿಗೆ ಅಡ್ಡವಾಗಿ, ಉದ್ದಕ್ಕೂ ಒಂದೇ ಮಟ್ಟದಲ್ಲಿ ಇರಬೇಕು. ಇದಕ್ಕೆ ದೊಡ್ಡ ಯಂತ್ರಗಳು ಬೇಡ. ಏಳು ಅಡಿಯ ಎರಡು ನೇರವಾದ ಗಳುಗಳನ್ನು ತುದಿಯಲ್ಲಿ ಸೇರಿಸಿ ಕಟ್ಟಿ, ಕಾಲುಗಳನ್ನು ಅಗಲಿಸಿ, ನಡುವೆ ಒಂದು ಅಡ್ಡಪಟ್ಟಿಯನ್ನು ಬಿಗಿಯಬೇಕು. ತುದಿಯಿಂದ ದಾರ ಇಳಿಬಿಟ್ಟು ಅದಕ್ಕೆ ಒಂದು ಕಲ್ಲನ್ನು ಕಟ್ಟಬೇಕು. ಎರಡು ಕಾಲುಗಳನ್ನೂ ನೆಲದ ಮೇಲಿಟ್ಟು ದಾರವು ಅಡ್ಡಪಟ್ಟಿಯನ್ನು ಮುಟ್ಟುವ ಸ್ಥಳವನ್ನು ಗುರುತು ಮಾಡಿ, ಅದೇ ಜಾಗದಲ್ಲಿ ಕಾಲುಗಳನ್ನು ಅದಲುಬದಲು ಮಾಡಿ ಇಟ್ಟು ಇನ್ನೊಂದು ಗುರುತು ಮಾಡಬೇಕು. ಈ ಎರಡು ಗುರುತುಗಳ ಸರಿಮಧ್ಯವೇ ಮಟ್ಟದ ಗುರುತು. ದಾರವು ಆ ಗುರುತಿಗೆ ಬರುವಂತೆ ಒಂದೊಂದೇ ಹೆಜ್ಜೆ ಮುಂದಿಡುತ್ತ ಗೂಟ ಹೊಡೆದುಕೊಂಡು ಹೋದರೆ ಹೊಲದ ಸಮಮಟ್ಟದ ಗೆರೆ ತಾನಾಗಿಯೇ ಸಿದ್ಧವಾಗುತ್ತದೆ.

(ಆ) ಸಾಲುಗಳ ಅಂತರ: ಭೂಮಿಯು ಮೂರರಿಂದ ಆರು ಅಡಿ ಇಳಿಯುವಷ್ಟಕ್ಕೆ ಒಂದು ಸಾಲು ಸಾಕು. 100 ಅಡಿಗೆ 2 ಅಡಿ ಇಳಿಯುವ ಹೊಲದಲ್ಲಿ ಮೂರಡಿ ಇಳಿತಕ್ಕೆ ಒಂದರಂತೆ ಇಟ್ಟರೆ ಸಾಲಿನಿಂದ ಸಾಲಿಗೆ 150 ಅಡಿಯಾಗುತ್ತದೆ. 100 ಅಡಿಗೆ 5 ಅಡಿ ಇಳಿಯುವಲ್ಲಿ 60 ಅಡಿಯಾಗುತ್ತದೆ.

(ಇ) ಸೀಳುಗಳನ್ನು ಸಿದ್ಧಪಡಿಸುವುದು: ಹಳೆಯ ಬುಡವನ್ನು ಗುದ್ದಲಿಯಿಂದ ಬೇರುಸಹಿತ ಎಬ್ಬಿಸಿ, ಒಂದೊಂದರಲ್ಲಿ ಎರಡು ಮೂರು ತೆಂಡೆಗಳಿರುವಂತೆ ಸೀಳಬೇಕು. ಗರಿಗಳನ್ನು ಎಂಟು ಅಂಗುಲಕ್ಕೂ ಬೇರುಗಳನ್ನು ನಾಲ್ಕು ಅಂಗುಲಕ್ಕೂ ಕತ್ತರಿಸಬೇಕು. ಸೀಳುಗಳು ಬಿಸಿಲಿಗೆ ಒಣಗದಂತೆ ಒದ್ದೆಯ ಗೋಣಿಯಲ್ಲಿ ಸುತ್ತಿ ನೆರಳಿನಲ್ಲಿಡತಕ್ಕದ್ದು.

(ಈ) ಕಾಲ ಮತ್ತು ಅಂತರ: ಮಳೆ ಹಿಡಿದು ಭೂಮಿ ಚೆನ್ನಾಗಿ ನೆನೆದ ಮೇಲೆ ನೆಡಬೇಕು. ಗೆರೆಯುದ್ದಕ್ಕೂ ನೇಗಿಲಿನಿಂದ ಒಂದು ಸಾಲು ತೆಗೆದು, ನಾಲ್ಕರಿಂದ ಆರು ಅಂಗುಲಕ್ಕೆ ಒಂದರಂತೆ ಸೀಳುಗಳನ್ನಿಟ್ಟು, ಮಣ್ಣು ಎಳೆದು ಕಾಲಿನಿಂದ ಗಟ್ಟಿಯಾಗಿ ತುಳಿಯಬೇಕು. ಸೀಳುಗಳನ್ನು ಉಳಿಸುವ ಆಸೆಯಿಂದ ಅಡಿಗೊಂದರಂತೆ ನೆಟ್ಟರೆ ಕೆಲಸ ಕೆಟ್ಟಿತು. ನಡುವೆ ಬಿಟ್ಟ ಸಂದಿಯಲ್ಲಿ ನೀರು ನುಗ್ಗಿ ಕೊರಕಲು ಮಾಡುತ್ತದೆ. ಆರು ಅಂಗುಲದಂತೆ ನೂರು ಅಡಿಗೆ 200 ಸೀಳುಗಳು ಬೇಕು.

(ಉ) ಸಸಿಮಡಿ: ಇಷ್ಟು ಸೀಳುಗಳು ಮೊದಲ ವರ್ಷವೇ ದೊರಕದಿದ್ದರೆ ಬಾವಿಯ ಹತ್ತಿರ ಅಥವಾ ಕೆರೆಯ ಹಿಂದೆ ಬಿಸಿಲು ಬೀಳುವ ಸ್ವಲ್ಪ ಜಾಗದಲ್ಲಿ ಕೆಲವು ಬುಡಗಳನ್ನು ನೆಟ್ಟು ನೀರು ಕೊಟ್ಟು ಬೆಳೆಸಿಕೊಳ್ಳಬೇಕು. ಮುಂದಿನ ಮಳೆಗಾಲಕ್ಕೆ ಅಲ್ಲಿಂದಲೇ ಸೀಳುಗಳಾಗುತ್ತವೆ.

5. ಆರೈಕೆ

ಮೊದಲನೆಯ ವರ್ಷ ಕಳೆ ಕೀಳಿಸಿ, ಸತ್ತ ಸೀಳಿನ ಜಾಗದಲ್ಲಿ ಬೇರೆಯದನ್ನು ನೆಡಬೇಕು. ದನಕರು ತುಳಿಯದಂತೆ ಕಾಯಬೇಕು. ವರ್ಷಕ್ಕೆ ಒಂದೆರಡು ಬಾರಿ ನೆಲದಿಂದ ಒಂದು ಒಂದೂವರೆ ಅಡಿಯ ಎತ್ತರಕ್ಕೆ ಕುಡುಗೋಲಿನಿಂದ ಕೊಯ್ದರೆ ತೆಂಡೆಗಳು ಹೆಚ್ಚಿ ಸಾಲು ದಟ್ಟವಾಗುತ್ತದೆ. ಎರಡು ಮೂರು ಮಳೆಗಾಲಗಳಲ್ಲಿ ಸಂದಿಗಳೆಲ್ಲ ಕೂಡಿಕೊಳ್ಳುತ್ತವೆ. ಅಲ್ಲಿಯವರೆಗೆ ತಾಳ್ಮೆ ಬೇಕು. ನೆಟ್ಟ ವರ್ಷವೇ ಮಣ್ಣು ನಿಲ್ಲಲಿಲ್ಲವೆಂದು ಕಿತ್ತೆಸೆಯುವವನು ಹುಲ್ಲನ್ನೂ ಕಳೆದುಕೊಂಡ, ಕೂಲಿಯನ್ನೂ ಕಳೆದುಕೊಂಡ.

6. ಇತರ ಉಪಯೋಗಗಳು

ಕೊಯ್ದ ಗರಿಯು ಗುಡಿಸಲಿನ ಹೊದಿಕೆಗೆ ಬಾಳಿಕೆ ಬರುತ್ತದೆ. ತೋಟದ ಗಿಡಗಳ ಬುಡಕ್ಕೆ ಹೊದಿಸಿದರೆ ತೇವ ಆರುವುದಿಲ್ಲ. ಪೊರಕೆಗೂ ಕೊಟ್ಟಿಗೆಯಲ್ಲಿ ದನಗಳ ಕೆಳಗೆ ಹಾಸುವುದಕ್ಕೂ ಆಗುತ್ತದೆ. ಎಳೆಯ ಚಿಗುರನ್ನು ದನಗಳು ಮೇಯುತ್ತವೆ. ಬಲಿತ ಗರಿಯನ್ನು ಮುಟ್ಟುವುದಿಲ್ಲ. ಬೇಲಿಯ ದೃಷ್ಟಿಯಿಂದ ಇದೂ ಒಂದು ಗುಣವೇ ಸರಿ.

ಬೇರಿನ ಉಪಯೋಗಗಳನ್ನು ಹಿರಿಯರೆಲ್ಲರೂ ಬಲ್ಲರು. ಬೇಸಿಗೆಯಲ್ಲಿ ಕುಡಿಯುವ ನೀರಿನ ಗಡಿಗೆಗೆ ಹಾಕುವುದು, ಬಟ್ಟೆಯ ಪೆಟ್ಟಿಗೆಯಲ್ಲಿಟ್ಟು ಹುಳು ಬರದಂತೆ ಮಾಡುವುದು, ತಟ್ಟಿ ಹೆಣೆದು ಬಾಗಿಲಿಗೆ ತೂಗಿಸಿ ನೀರು ಚಿಮುಕಿಸಿ ಒಳಗೆ ತಂಪನ್ನೂ ಪರಿಮಳವನ್ನೂ ತರಿಸುವುದು, ಇವೆಲ್ಲ ಹಿಂದಿನಿಂದ ಬಂದ ರೂಢಿಗಳು. ಕರಾವಳಿಯ ಕಡೆ ಬೇರಿನಿಂದ ಹಾರಗಳನ್ನೂ ಅಲಂಕಾರದ ವಸ್ತುಗಳನ್ನೂ ಹೆಣೆಯುವ ಕುಶಲರಿದ್ದಾರೆ. ಆಯುರ್ವೇದದಲ್ಲಿ ಜ್ವರದ ಬಾಯಾರಿಕೆಗೆ ಕೊಡುವ ಷಡಂಗ ಪಾನೀಯದ ಆರು ದ್ರವ್ಯಗಳಲ್ಲಿ ಇದೂ ಒಂದು. ಬೇರನ್ನು ಬಟ್ಟಿಯಿಳಿಸಿ ತೆಗೆದ ತೈಲವು ಸುಗಂಧದ್ರವ್ಯಗಳ ತಯಾರಿಕೆಗೆ ಹೋಗುತ್ತದೆ.

ಅಂದಕ್ಕೂ ಈ ಹುಲ್ಲು ಕಡಿಮೆಯಲ್ಲ. ಶಾಲೆಯ ಅಂಗಳದ ಅಂಚಿಗೆ, ದೇವಸ್ಥಾನದ ಕೊಳದ ದಡಕ್ಕೆ, ಮನೆಯ ಮುಂದಿನ ಹಾದಿಯ ಇಕ್ಕೆಲಕ್ಕೆ ಸಾಲಾಗಿ ನೆಟ್ಟು ಒಂದೇ ಎತ್ತರಕ್ಕೆ ಕತ್ತರಿಸುತ್ತ ಬಂದರೆ ವರ್ಷವೆಲ್ಲ ಹಸುರಾಗಿ ಕಾಣುತ್ತದೆ, ಅಲ್ಲಿನ ಮಣ್ಣೂ ಜರಿಯುವುದಿಲ್ಲ.

7. ಒಂದು ಮುಖ್ಯವಾದ ಎಚ್ಚರಿಕೆ

ಬೇರಿಗೆ ಬೆಲೆಯುಂಟೆಂದು ಕೇಳಿದ ಕೂಡಲೆ ಕೆಲವರ ಕೈ ಗುದ್ದಲಿಯ ಕಡೆಗೆ ಹೋಗುತ್ತದೆ. ಇಲ್ಲಿಯೇ ಅಪಾಯವಿರುವುದು. ಬದುವಿನ ಮೇಲಿನ ಲಾವಂಚವನ್ನು ಬೇರಿಗಾಗಿ ಅಗೆದರೆ, ಮಣ್ಣನ್ನು ಹಿಡಿದಿದ್ದ ಕೈಯನ್ನೇ ಕಡಿದಂತಾಯಿತು. ಅಗೆದು ಸಡಿಲವಾದ ಮಣ್ಣು ಮೊದಲಿಗಿಂತಲೂ ಸುಲಭವಾಗಿ ಕೊಚ್ಚಿಹೋಗುತ್ತದೆ. ಹಲವು ವರ್ಷ ಸಾಲಿನ ಹಿಂದೆ ಸೇರಿದ ಗೋಡೆಲ್ಲ ಒಂದೇ ಮಳೆಗೆ ಹೊರಟುಹೋದೀತು. ಜಾವಾ ದ್ವೀಪದಲ್ಲಿ ತೈಲದ ವ್ಯಾಪಾರಕ್ಕಾಗಿ ಬೆಟ್ಟದ ಇಳಿಜಾರುಗಳಲ್ಲಿ ಲಾವಂಚ ಬೆಳೆದು ಬೇರು ಅಗೆದ ಕಡೆ ಮಣ್ಣು ಜರಿದು ಹೋದುದು ಪ್ರಸಿದ್ಧವಾದ ಸಂಗತಿ. ಹುಲ್ಲು ಒಂದೇ. ಅದನ್ನು ನೆಲದಲ್ಲಿ ಬಿಟ್ಟವನು ಹೊಲವನ್ನು ಉಳಿಸಿಕೊಂಡ. ಇಳಿಜಾರಿನಲ್ಲಿ ಅಗೆದವನು ಹೊಲವನ್ನು ಕಳೆದುಕೊಂಡ.

ಆದಕಾರಣ ಬೇರು ಬೇಕಾದವರು ಮಟ್ಟವಾದ ಭೂಮಿಯಲ್ಲಿ, ಮರಳು ಬೆರೆತ ಮಣ್ಣಿನಲ್ಲಿ, ಅದಕ್ಕಾಗಿಯೇ ಪ್ರತ್ಯೇಕವಾದ ಮಡಿಯನ್ನು ಮಾಡಿ ಬೆಳೆಯತಕ್ಕದ್ದು. ನೆಟ್ಟ ಹದಿನೈದರಿಂದ ಹದಿನೆಂಟು ತಿಂಗಳಿಗೆ ಬೇರು ಅಗೆಯಲು ಬರುತ್ತದೆ. ಬದುವಿನ ಲಾವಂಚದಿಂದ ಮಾತ್ರ ಗರಿಯನ್ನಲ್ಲದೆ ಬೇರನ್ನು ತೆಗೆಯಕೂಡದು.

8. ಕೆಲವು ಆಕ್ಷೇಪಣೆಗಳು

'ಸಾಲು ನೆಟ್ಟರೆ ಅಷ್ಟು ಜಮೀನು ಹಾಳಾಗುವುದಿಲ್ಲವೇ?' ಎಂದು ಕೇಳುವುದುಂಟು. ಚೌಕವಾದ ಒಂದು ಎಕರೆಯ ಅಡ್ಡಕ್ಕೆ 209 ಅಡಿ. ಸಾಲು ಎರಡು ಅಡಿ ಅಗಲವಿದ್ದರೆ ಹಿಡಿಯುವ ಜಾಗ 418 ಚದರ ಅಡಿ. ಒಂದು ಗುಂಟೆಗೆ 1,089 ಚದರ ಅಡಿ. ಅರ್ಧ ಗುಂಟೆಯೂ ಆಗದ ಜಾಗವು ಉಳಿದ ಮೂವತ್ತೊಂಬತ್ತೂವರೆ ಗುಂಟೆಯನ್ನು ಕಾಯುತ್ತದೆ.

'ಪಕ್ಕದ ಬೆಳೆಯ ಸಾರವನ್ನು ಹೀರುವುದಿಲ್ಲವೇ?' ಬೇರು ನೇರವಾಗಿ ಕೆಳಕ್ಕಿಳಿಯುವುದರಿಂದ ಬೆಳೆಯೊಡನೆ ಇದರ ಪೈಪೋಟಿ ಸ್ವಲ್ಪವೇ. ಅಂಚಿನಲ್ಲಿ ನೇಗಿಲು ಹಾಯಿಸಿ, ಗರಿಯನ್ನು ಕಾಲಕಾಲಕ್ಕೆ ಕೊಯ್ದರೆ ನೆರಳಿನ ತೊಂದರೆಯೂ ಇಲ್ಲ. ಬೇಲಿಯೇ ಎದ್ದು ಹೊಲ ಮೇಯುವುದೆಂಬ ಮಾತು ಈ ಬೇಲಿಗೆ ಸಲ್ಲದು.

'ಹುಳುಹುಪ್ಪಟೆಗಳಿಗೆ ಮನೆಯಾಗುವುದಿಲ್ಲವೇ?' ಜೋಳಕ್ಕೂ ಮುಸುಕಿನ ಜೋಳಕ್ಕೂ ಬೀಳುವ ಕಾಂಡ ಕೊರೆಯುವ ಹುಳುವಿನ ಚಿಟ್ಟೆಗಳು ಲಾವಂಚದ ಮೇಲೆ ಮೊಟ್ಟೆಯಿಡುತ್ತವೆಂದೂ, ಅಲ್ಲಿ ಹುಟ್ಟಿದ ಮರಿಗಳು ಬಹುಮಟ್ಟಿಗೆ ಬದುಕುವುದಿಲ್ಲವೆಂದೂ ದಕ್ಷಿಣ ಆಫ್ರಿಕದಲ್ಲಿ ನಡೆದ ಪರೀಕ್ಷೆಗಳಿಂದ ತಿಳಿದುಬಂದಿತು. ಆ ಶತ್ರುವಿಗೆ ಇದು ಮನೆಗಿಂತ ಬಲೆಯೇ ಆಗಿದೆ.

9. ಮುಖಂಡರ ಕರ್ತವ್ಯ

ಹೊಲದ ಎಲ್ಲೆಯ ವ್ಯಾಜ್ಯಗಳು ಹುಟ್ಟುವ ಬಗೆಯನ್ನು ಊರಿನ ಯಜಮಾನರಿಗೆ ತಿಳಿಸಿಹೇಳಬೇಕಾಗಿಲ್ಲ. ಅಣ್ಣತಮ್ಮಂದಿರು ಪಾಲಾಗುತ್ತಾರೆ, ನಡುವೆ ಎರಡು ಮೊಳದ ತೆವರು ನಿಲ್ಲುತ್ತದೆ. ಈ ವರ್ಷ ಅಣ್ಣನ ನೇಗಿಲು ಒಂದು ಗೇಣು ಒಳಕ್ಕೆ ಬರುತ್ತದೆ, ಮುಂದಿನ ವರ್ಷ ತಮ್ಮನದು. ನಾಲ್ಕು ವರ್ಷದಲ್ಲಿ ತೆವರೇ ಇಲ್ಲ. ಐದನೆಯ ವರ್ಷ 'ಅಣ್ಣಾ, ನಿನ್ನ ನೇಗಿಲು ನನ್ನ ಹೊಲಕ್ಕೆ ಬಂತು' ಎಂದು ತಮ್ಮನೂ, 'ಎಲ್ಲೆ ಎಲ್ಲಿದೆ ತೋರಿಸಪ್ಪ' ಎಂದು ಅಣ್ಣನೂ ಎದುರುಬದುರಾಗಿ ನಿಲ್ಲುತ್ತಾರೆ. ಆಮೇಲೆ ಮೋಜಣಿ, ಆಮೇಲೆ ಕಚೇರಿ, ಆಮೇಲೆ ಸಾಲ. ಒಂದು ಗೇಣು ಭೂಮಿಗಾಗಿ ಒಂದೇ ಒಲೆಯ ಅನ್ನ ಉಂಡವರು ಸಾವಿಗೂ ಮದುವೆಗೂ ಒಬ್ಬರ ಮನೆಗೊಬ್ಬರು ಹೋಗದಂತಾಗುತ್ತಾರೆ. ಮುಖಂಡರು ಅನೇಕ ವರ್ಷಗಳಿಂದ ಕೂಡಿಸಿದ ಪಂಚಾಯಿತಿಗಳಲ್ಲಿ ಇಂಥವು ಎಷ್ಟಿದ್ದವೆಂಬುದನ್ನು ಅವರೇ ನೆನೆಸಿಕೊಳ್ಳಬಹುದು.

ನೆಟ್ಟ ಜಾಗದಿಂದ ಕದಲದಿರುವುದು ಲಾವಂಚದ ಸ್ವಭಾವ. ಬಲಿತ ಸಾಲನ್ನು ಸಾಧಾರಣ ನೇಗಿಲು ಎಬ್ಬಿಸಲಾರದು. ಕಲ್ಲನ್ನು ರಾತ್ರಿಯಲ್ಲಿ ಒಬ್ಬನೇ ಸರಿಸಬಹುದು. ನೂರು ಅಡಿಯ ಲಾವಂಚವನ್ನು ಸರಿಸುವುದು ಸಾಧ್ಯವಿಲ್ಲ. ಪಾಲಾಗುವ ದಿನ ಇಬ್ಬರೂ ಸೇರಿ, ಪಂಚರ ಎದುರಿನಲ್ಲಿ, ಎಲ್ಲೆಯ ಗೆರೆಯ ಮೇಲೆ ಈ ಹುಲ್ಲನ್ನು ನೆಟ್ಟರೆ ಅದು ಮಕ್ಕಳ ಕಾಲಕ್ಕೂ ಸಾಕ್ಷಿಯಾಗಿ ನಿಲ್ಲುತ್ತದೆ. ಎಲ್ಲೆಯ ಗೆರೆ ಇಳಿಜಾರಿನ ದಿಕ್ಕಿಗೇ ಹೋದರೆ ಆ ಸಾಲು ಗುರುತಿಗೆ ಮಾತ್ರ. ಮಣ್ಣನ್ನು ಹಿಡಿಯಲು ಹೊಲದೊಳಗೆ ಅಡ್ಡವಾಗಿ ಬೇರೆ ಸಾಲು ಬೇಕೆಂಬುದನ್ನು ಮರೆಯಕೂಡದು.

ಇನ್ನೊಂದು ಮಾತು. ನೀರು ಸರ್ವೆ ನಂಬರನ್ನು ನೋಡಿ ಹರಿಯುವುದಿಲ್ಲ. ಮೇಲಿನ ಹೊಲದವನು ಸುಮ್ಮನಿದ್ದು ಕೆಳಗಿನವನೊಬ್ಬನೇ ಸಾಲು ನೆಟ್ಟರೆ ಅವನ ಶ್ರಮ ಅರ್ಧವಾಗುತ್ತದೆ. ದಿಬ್ಬದ ನೆತ್ತಿಯಿಂದ ಹಳ್ಳದವರೆಗೆ ಇರುವ ಹಿಡುವಳಿದಾರರೆಲ್ಲ ಒಟ್ಟಾಗಿ, ಮೇಲಿನಿಂದ ಮೊದಲುಮಾಡಿ ನೆಟ್ಟುಕೊಂಡು ಬಂದರೆ ಪೂರ್ಣವಾದ ಫಲ. ಅವರನ್ನು ಒಂದೆಡೆ ಕೂಡಿಸುವ ಮಾತು ಊರಿನ ಮುಖಂಡರದೇ. ಕೆರೆಯ ಹಿಂದೆ ಊರೊಟ್ಟಿನ ಒಂದು ಸಸಿಮಡಿಯನ್ನು ಮಾಡಿಸುವುದು, ಬಡವರಿಗೆ ಅಲ್ಲಿಂದ ಸೀಳುಗಳನ್ನು ಕೊಡಿಸುವುದು, ಬದುವಿನ ಬೇರನ್ನು ಅಗೆಯಬಾರದೆಂದು ಊರಿನ ಕಟ್ಟುಪಾಡು ಮಾಡುವುದು, ಈ ಮೂರನ್ನು ಅವರು ಮಾಡಿಕೊಟ್ಟರೆ ಉಳಿದದ್ದನ್ನು ಹುಲ್ಲೇ ಮಾಡುತ್ತದೆ.

ಮುಂದಿನ ಮುಂಗಾರಿಗೆ ಪ್ರತಿಯೊಬ್ಬ ಜಮೀನುದಾರನೂ ತನ್ನ ಹೊಲದ ಅತ್ಯಂತ ಇಳಿಜಾರಾದ ಜಾಗದಲ್ಲಿ ನೂರು ಅಡಿಯ ಒಂದೇ ಒಂದು ಸಾಲನ್ನು ನೆಟ್ಟು ನೋಡಲಿ. ಬೇಕಾಗುವುದು 200 ಸೀಳು, ಒಂದು ದಿನದ ಕೆಲಸ. ಮೂರನೆಯ ಮಳೆಗಾಲದಲ್ಲಿ, ದೊಡ್ಡ ಮಳೆಯ ಮರುದಿನ, ಆ ಸಾಲಿನ ಮೇಲ್ಗಡೆ ನಿಂತ ಗೋಡನ್ನು ಕೈಯಲ್ಲಿ ಹಿಡಿದು ನೋಡಲಿ. ಹಳ್ಳದ ಪಾಲಾಗುತ್ತಿದ್ದ ಆ ಮಣ್ಣು ಅವನದೇ.